ಎರಡು ಬಾಗಿಲಿನ ವೈದ್ಯರು

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ದವಾಖಾನೆಯ ಮಾತೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಗಡಿನಾಡಿನ ಕನ್ನಡ ಶಾಲೆಗಳು, ಗ್ರಂಥಾಲಯಗಳು, ಭಾಷಾ ಅಲ್ಪಸಂಖ್ಯಾತರ ಹಕ್ಕುಗಳು ಇವುಗಳನ್ನು ಕುರಿತು ಈ ಪುಟಗಳಲ್ಲಿ ಬಲ್ಲವರು ಬರೆದೇ ಬರೆಯುತ್ತಾರೆ. ಅದು ಅವಶ್ಯವೂ ಹೌದು. ಆದರೆ ಮನುಷ್ಯನಿಗೆ ತಾಯ್ನುಡಿಯ ಹಂಬಲ ಎಲ್ಲಕ್ಕಿಂತ ಹೆಚ್ಚಾಗುವುದು ನೋವಿನಲ್ಲಿ. ಎದೆಯಲ್ಲಿ ಚಳಕು ಹೊಡೆಯುತ್ತಿದೆಯೋ, ಉರಿಯುತ್ತಿದೆಯೋ, ಭಾರವಾಗಿದೆಯೋ ಎಂಬುದನ್ನು ನಮ್ಮ ಅಜ್ಜಿಯಂದಿರು ಕನ್ನಡದಲ್ಲಲ್ಲದೆ ಹೇಳಲಾರರು. ಹಾತಕಣಂಗಲೆ ತಾಲೂಕಿನ ಹಳ್ಳಿಗಳಲ್ಲಿ, ಇಚಲಕರಂಜಿಯ ಮಗ್ಗದ ಓಣಿಗಳಲ್ಲಿ ಅಂಥ ಅಜ್ಜಿಯಂದಿರು ಇನ್ನೂ ಬಹಳ ಜನ ಇದ್ದಾರೆ. ಆದ್ದರಿಂದ ದವಾಖಾನೆಯ ಮಾತು ನಮ್ಮ ಮನೆಯ ಮಾತೇ ಆಗಿದೆ.

ನನ್ನ ವಿಷಯವನ್ನು ನೇರವಾಗಿಯೇ ಹೇಳಿಬಿಡುತ್ತೇನೆ. ಸರಕಾರದಿಂದ ಸಂಬಳ ಪಡೆಯುವ ವೈದ್ಯರು ಅದರ ಜೊತೆಯಲ್ಲಿಯೇ ಖಾಸಗಿ ವೃತ್ತಿಯನ್ನೂ ನಡೆಸುವುದು ತಪ್ಪು. ನಿಯಮ ಅದನ್ನು ನಿಷೇಧಿಸಿದಲ್ಲಿ ತಪ್ಪು. ನಿಯಮ ಅದಕ್ಕೆ ಅನುಮತಿ ಕೊಟ್ಟಲ್ಲಿಯೂ ತಪ್ಪು. ಈ ಮಾತು ಯಾವ ಒಬ್ಬ ವೈದ್ಯರನ್ನಾಗಲಿ, ಯಾವ ಒಂದು ದವಾಖಾನೆಯನ್ನಾಗಲಿ ಗುರಿಯಿಟ್ಟು ಆಡಿದ್ದಲ್ಲ. 2019ರ ಮತ್ತು 2021ರ ಮಹಾಪೂರಗಳಲ್ಲಿ, ಕೊರೋನಾದ ಆ ಎರಡು ವರ್ಷಗಳಲ್ಲಿ ನಮ್ಮ ಜಿಲ್ಲೆಯ ಸರಕಾರಿ ವೈದ್ಯರು ಮನೆಮಠ ಮರೆತು ದುಡಿದುದನ್ನು ನಾವೆಲ್ಲರೂ ಕಂಡಿದ್ದೇವೆ. ಆ ಋಣವನ್ನು ಒಪ್ಪಿಕೊಂಡೇ ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪನ್ನೇ ಹೇಳುತ್ತೇನೆ. ಹಲವು ವರ್ಷಗಳ ಹಿಂದೆ ನನ್ನ ಪತ್ನಿಗೆ ಪಿತ್ತಕೋಶದ ಶಸ್ತ್ರಕ್ರಿಯೆ ಆಗಬೇಕಾಯಿತು. ಒಂದು ದೊಡ್ಡ ಸರಕಾರಿ ದವಾಖಾನೆಗೆ ಹೋದೆವು. ಕೇಸ್‌ಪೇಪರ್ ಮಾಡಿಸಿ, ನಂಬರು ಹಚ್ಚಿ, ಮಧ್ಯಾಹ್ನದವರೆಗೆ ಕುಳಿತ ಮೇಲೆ ಮೂರು ವಾರದ ಮುಂದಿನ ತಾರೀಖು ಸಿಕ್ಕಿತು. ಹೊರಗೆ ಬರುವಾಗ ಅಲ್ಲಿಯ ನೌಕರನೊಬ್ಬ ಬಳಿಗೆ ಬಂದು, “ಸಂಜೀಕ ಸಾಹೇಬರ ದವಾಖಾನಿಗೆ ಬಂದ್ ಹೋಗ್ರಿ ಸರ್, ಕೆಲಸ ಲಗೂನ ಆಗ್ತೈತಿ” ಎಂದು ಪಿಸುಗುಟ್ಟಿದ. ಹೋದೆ. ಫಲಕದ ಮೇಲೆ ಬೇರೊಬ್ಬರ ಹೆಸರಿತ್ತು. ಒಳಗೆ ಬೆಳಿಗ್ಗೆ ಕಂಡ ವೈದ್ಯರೇ ಕುಳಿತಿದ್ದರು. ಬೆಳಿಗ್ಗೆ ತಲೆಯೆತ್ತಿ ನೋಡದಿದ್ದವರು ಸಂಜೆ ಕನ್ನಡದಲ್ಲಿ ಕುಶಲ ಕೇಳಿದರು. ಫೀ ಕೊಟ್ಟೆ. ಮೂರನೆಯ ದಿನ ಅದೇ ಸರಕಾರಿ ದವಾಖಾನೆಯಲ್ಲಿ ಹಾಸಿಗೆ ದೊರೆಯಿತು. ಶಸ್ತ್ರಕ್ರಿಯೆಯೂ ಚೆನ್ನಾಗಿಯೇ ಆಯಿತು.

ಪತ್ನಿಯನ್ನು ಮನೆಗೆ ಕರೆದುಕೊಂಡು ಬರುವ ದಿನ ಪಡಸಾಲೆಯಲ್ಲಿ ಒಬ್ಬ ಹೆಣ್ಣುಮಗಳು ತನ್ನ ತಾಯಿಯೊಡನೆ ನೆಲದ ಮೇಲೆ ಕುಳಿತಿದ್ದಳು. ಮೊದಲ ದಿನ ಸರದಿಯಲ್ಲಿ ನಮ್ಮ ಮುಂದೆಯೇ ನಿಂತಿದ್ದವಳು. ಗುರುತು ಹಿಡಿದು, “ನಿಮ್ಮ ನಂಬರಾ ನಮ್ಮ ಹಿಂದ ಇತ್ತಲ್ರಿ, ಗುರುಗಳ?” ಎಂದು ಕೇಳಿದಳು. ಅವಳ ದನಿಯಲ್ಲಿ ಆರೋಪವಿರಲಿಲ್ಲ, ನಿಜವಾದ ಅಚ್ಚರಿಯಿತ್ತು. ನಾನು ಏನೋ ಹಾರಿಕೆಯ ಉತ್ತರ ಹೇಳಿ ಬಂದೆ. ಆ ತಾಯಿಗೆ ಮುಂದೆ ಏನಾಯಿತೆಂದು ವಿಚಾರಿಸುವ ಧೈರ್ಯ ನನಗೆ ಆಗಲಿಲ್ಲ. ಮಕ್ಕಳಿಗೆ ಸಾಲಿನಲ್ಲಿ ನಿಲ್ಲುವುದನ್ನು ಜೀವಮಾನವೆಲ್ಲ ಕಲಿಸಿದವನು ನಾನು.

ಅಂದು ನಾನು ಕೊಟ್ಟ ಹಣ ಯಾವುದರ ಬೆಲೆ? ವೈದ್ಯರ ವಿದ್ಯೆಯ ಬೆಲೆಯಲ್ಲ, ಅದಕ್ಕೆ ಸರಕಾರ ಸಂಬಳ ಕೊಟ್ಟಿತ್ತು. ಹಾಸಿಗೆಯ ಬೆಲೆಯಲ್ಲ, ಅದು ಜನರ ತೆರಿಗೆಯಿಂದ ಬಂದದ್ದು. ನಾನು ಕೊಂಡದ್ದು ಮತ್ತೊಬ್ಬರ ಸರದಿಯನ್ನು. ಈ ವ್ಯವಸ್ಥೆಯ ಮೂಲದೋಷ ಇರುವುದು ಇಲ್ಲಿಯೇ. ಬೆಳಗಿನ ಬಾಗಿಲಲ್ಲಿ ಸಾಲು ಉದ್ದವಾದಷ್ಟೂ ಸಂಜೆಯ ಬಾಗಿಲಿಗೆ ಗಿರಾಕಿ ಹೆಚ್ಚು. ಎರಡೂ ಬಾಗಿಲುಗಳ ಕೀಲಿಕೈ ಒಬ್ಬರಲ್ಲಿಯೇ ಇದ್ದಾಗ ಸಾಲನ್ನು ಕಡಿಮೆ ಮಾಡುವ ಮನಸ್ಸು ಅವರಿಗೆ ಎಲ್ಲಿಂದ ಬರಬೇಕು? ಒಬ್ಬ ವೈದ್ಯರು ಎಷ್ಟೇ ಸಜ್ಜನರಾಗಿರಲಿ, ಅವರ ಲಾಭವನ್ನು ರೋಗಿಯ ಕಾಯುವಿಕೆಗೆ ಕಟ್ಟಿಹಾಕಬಾರದು.

ಇದು ಹೊಸದಾಗಿ ಕಂಡ ಸತ್ಯವೇನೂ ಅಲ್ಲ. ಸ್ವಾತಂತ್ರ್ಯಕ್ಕೆ ಮುಂಚೆಯೇ, 1943ರಲ್ಲಿ ನೇಮಕವಾಗಿ 1946ರಲ್ಲಿ ವರದಿ ಕೊಟ್ಟ ಸರ್ ಜೋಸೆಫ್ ಭೋರ್ ಅವರ ಸಮಿತಿ, ಹಣವಿಲ್ಲವೆಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು, ಪೂರ್ಣಾವಧಿ ಸಂಬಳದ ಸರಕಾರಿ ವೈದ್ಯರಿಗೆ ಖಾಸಗಿ ವೃತ್ತಿ ಇರಬಾರದು ಎಂದು ಶಿಫಾರಸು ಮಾಡಿತ್ತು. 1967ರಲ್ಲಿ ಜಂಗಲವಾಲಾ ಸಮಿತಿಯೂ ಖಾಸಗಿ ವೃತ್ತಿ ನಿಲ್ಲಬೇಕು, ಅದರ ಜೊತೆಗೆ ವೈದ್ಯರ ಸೇವಾ ಸ್ಥಿತಿ ಸುಧಾರಿಸಬೇಕು ಎಂದಿತು. ಎರಡೂ ಮಾತುಗಳನ್ನು ಒಟ್ಟಿಗೆ ಹೇಳಿದ್ದು ಅದರ ವಿವೇಕ. ಇಂಗ್ಲಂಡಿನಲ್ಲಿ 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದಾಗ ಮಂತ್ರಿ ಅನ್ಯೂರಿನ್ ಬೆವನ್ ಅವರು ತಜ್ಞವೈದ್ಯರ ವಿರೋಧವನ್ನು ಶಮನಗೊಳಿಸಲು, ಸರಕಾರಿ ಆಸ್ಪತ್ರೆಗಳಲ್ಲಿಯೇ ಹಣ ಕೊಡುವ ರೋಗಿಗಳನ್ನು ನೋಡಿಕೊಳ್ಳಲು ಅವರಿಗೆ ಅವಕಾಶ ಕೊಡಬೇಕಾಯಿತು. ಆ ರಿಯಾಯಿತಿ ಮುಂದೆ ದೊಡ್ಡ ಜಗಳಕ್ಕೆ ಕಾರಣವಾಗಿ, ಆ ಹಾಸಿಗೆಗಳನ್ನು ಕ್ರಮೇಣ ತೆಗೆಯಲು 1976ರಲ್ಲಿ ಕಾಯದೆಯನ್ನೇ ತರಬೇಕಾಯಿತು. ಒಮ್ಮೆ ತೆರೆದ ಎರಡನೆಯ ಬಾಗಿಲನ್ನು ಮುಚ್ಚುವುದು ಎಷ್ಟು ಕಷ್ಟವೆಂಬುದಕ್ಕೆ ಇದು ಸಾಕ್ಷಿ.

ಕನ್ನಡಿಗರಾದ ನಾವು ಹಲವು ರಾಜ್ಯಗಳಲ್ಲಿ ಹಂಚಿಹೋಗಿದ್ದೇವೆ. ನಿಯಮಗಳೂ ಹಾಗೆಯೇ ಹಂಚಿಹೋಗಿವೆ. ಕರ್ನಾಟಕದಲ್ಲಿ ಕರ್ತವ್ಯದ ವೇಳೆಯ ಹೊರಗೆ ಸರಕಾರಿ ವೈದ್ಯರ ಖಾಸಗಿ ವೃತ್ತಿಗೆ ಅವಕಾಶವಿದೆ. ಕಾಸರಗೋಡಿನ ನಮ್ಮ ಬಂಧುಗಳಿರುವ ಕೇರಳದಲ್ಲಿ ಸರಕಾರಿ ವೈದ್ಯಕೀಯ ಕಾಲೇಜುಗಳ ವೈದ್ಯರಿಗೆ 2009ರಿಂದ ಅದು ನಿಷಿದ್ಧ. ಆರೋಗ್ಯ ಇಲಾಖೆಯ ಇತರ ವೈದ್ಯರಿಗೆ ಕರ್ತವ್ಯ ಮುಗಿದ ಮೇಲೆ ಮನೆಯಲ್ಲಿ ರೋಗಿಗಳನ್ನು ನೋಡಲು ಬಿಡುವಿದೆ. ನಮ್ಮ ಮಹಾರಾಷ್ಟ್ರದಲ್ಲಿ ಸರಕಾರವು ಖಾಸಗಿ ವೃತ್ತಿಯನ್ನು ಬಿಟ್ಟುಕೊಡುವುದಕ್ಕಾಗಿಯೇ ವೈದ್ಯರಿಗೆ ‘ವ್ಯವಸಾಯರೋಧ ಭತ್ತೆ’ ಕೊಡುತ್ತದೆ. ಕನ್ನಡದ ಕಿವಿಗೆ ಇದು ಒಕ್ಕಲುತನ ಮಾಡದಿರಲು ಕೊಡುವ ಹಣದಂತೆ ಕೇಳಿಸೀತು! ಕೇಂದ್ರ ಸರಕಾರದ ವೈದ್ಯರಿಗೂ ಇಂಥ ಭತ್ತೆ ಉಂಟು. ಮೊದಲು ಮೂಲವೇತನದ ಶೇಕಡಾ 25 ಇದ್ದದ್ದು ಏಳನೆಯ ವೇತನ ಆಯೋಗದ ನಂತರ ಶೇಕಡಾ 20 ಆಗಿದೆ. ಅವರ ತುಟ್ಟಿಭತ್ತೆ, ನಿವೃತ್ತಿವೇತನಗಳ ಲೆಕ್ಕದಲ್ಲಿಯೂ ಅದು ಸೇರುತ್ತದೆ. ಬಿಟ್ಟದ್ದಕ್ಕೆ ಬೆಲೆ ಪಡೆದ ಮೇಲೆ ಬಿಡದಿರುವುದಕ್ಕೆ ಏನೆಂದು ಹೆಸರಿಡಬೇಕು?

ಕಾನೂನು ಮಾತ್ರ ಇಲ್ಲಿ ಮೃದುವಾಗಿದೆ. ಪಂಜಾಬಿನ ಇಬ್ಬರು ಸರಕಾರಿ ವೈದ್ಯರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ, ಖಾಸಗಿಯಾಗಿ ರೋಗಿಯನ್ನು ನೋಡಿ ಪಡೆದ ಫೀಯು ಲಂಚವಾಗದು, ಅದು ಇಲಾಖೆಯ ಶಿಸ್ತಿಗೆ ಸಂಬಂಧಿಸಿದ ತಪ್ಪು ಎಂದು ತೀರ್ಪು ಕೊಟ್ಟಿತು. ನ್ಯಾಯಾಲಯದ ವ್ಯಾಖ್ಯೆಗೆ ನಾನು ತಲೆಬಾಗುತ್ತೇನೆ. ಆದರೆ ಇದರಿಂದ ಹೊಣೆ ಸಂಪೂರ್ಣವಾಗಿ ಇಲಾಖೆಯ ಮೇಲೆ ಬಿತ್ತು. ಇಲಾಖೆ ಕಣ್ಣು ಮುಚ್ಚಿಕೊಂಡರೆ ರೋಗಿಗೆ ಹೋಗಲು ಬೇರೆ ಬಾಗಿಲಿಲ್ಲ.

ಇನ್ನು ಎದುರುಪಕ್ಷದ ವಾದಗಳನ್ನು ನೋಡೋಣ. ‘ಕರ್ತವ್ಯ ಮುಗಿದ ಮೇಲಿನ ವೇಳೆ ವೈದ್ಯರ ಸ್ವಂತದ್ದು’ ಎನ್ನುತ್ತಾರೆ. ಸರಿ, ಆ ವೇಳೆಯಲ್ಲಿ ಅವರು ತೋಟ ಮಾಡಲಿ, ಸಂಗೀತ ಹಾಡಲಿ, ಸಾಹಿತ್ಯ ಬರೆಯಲಿ. ನಮ್ಮ ಸಂಘಕ್ಕೂ ಬರಲಿ. ಆದರೆ ಬೆಳಿಗ್ಗೆ ತಾವು ಉಚಿತವಾಗಿ ಕೊಡಬೇಕಾದ ವಸ್ತುವನ್ನೇ ಸಂಜೆ ಮಾರಾಟಕ್ಕೆ ಇಡುವುದು ಬೇರೆ. ನ್ಯಾಯಾಧೀಶರು ಸಂಜೆ ಮನೆಯಲ್ಲಿ ಕಕ್ಷಿಗಾರರಿಗೆ ಫೀ ಪಡೆದು ಸಲಹೆ ಕೊಟ್ಟರೆ ನಾವು ಒಪ್ಪುತ್ತೇವೆಯೇ?

‘ನಿಷೇಧಿಸಿದರೆ ತಜ್ಞರು ಸರಕಾರಿ ಸೇವೆಯನ್ನೇ ಬಿಟ್ಟು ಹೋಗುತ್ತಾರೆ’ ಎಂಬುದು ಎರಡನೆಯ ವಾದ. ಇದರಲ್ಲಿ ಹುರುಳಿದೆ. ಬಯಲುಸೀಮೆಯಲ್ಲಿ 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ಸರಕಾರದ ಮಾನದಂಡ. ಅಂಥ ಕೇಂದ್ರಕ್ಕೆ ವೈದ್ಯರನ್ನು ಕಳಿಸಿ, ಇರಲು ಸರಿಯಾದ ಮನೆ ಕೊಡದೆ, ಔಷಧ ಪೂರೈಸದೆ, ವರದಿಗಳ ರಾಶಿಯನ್ನು ಹೇರಿದರೆ ಯಾರು ತಾನೇ ನಿಂತಾರು? ಒಳ್ಳೆಯ ಸಂಬಳ, ಸಕಾಲಿಕ ಬಡ್ತಿ, ಮಕ್ಕಳ ಶಿಕ್ಷಣಕ್ಕೆ ಅನುಕೂಲ ಇವೆಲ್ಲ ಅವರಿಗೆ ದೊರೆಯಲೇಬೇಕು. ಆದರೆ ಸರಕಾರ ಕೊಡಬೇಕಾದುದನ್ನು ರೋಗಿಯ ಜೇಬಿನಿಂದ ತುಂಬಿಕೊಳ್ಳಿರೆಂದು ಬಿಟ್ಟುಬಿಡುವುದು ಪರಿಹಾರವಲ್ಲ. ನೌಕರನಿಗೆ ಅರೆಹೊಟ್ಟೆಯ ಸಂಬಳ ಕೊಟ್ಟು ಉಳಿದುದನ್ನು ಗಿರಾಕಿಗಳಿಂದ ಕಿತ್ತುಕೋ ಎನ್ನುವ ಸಾಹುಕಾರನ ನೀತಿ ಅದು. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರಗಳ ಪ್ರಕಾರ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ಸ್ವಂತ ಜೇಬಿನಿಂದ ಕೊಡುವ ಪಾಲು 2013–14ರಲ್ಲಿ ಶೇಕಡಾ 64.2 ಇತ್ತು; 2021–22ರಲ್ಲಿ ಶೇಕಡಾ 39.4ಕ್ಕೆ ಇಳಿದಿದೆ. ಇಳಿಕೆ ಸಂತೋಷದ್ದೇ. ಆದರೂ ನೂರರಲ್ಲಿ ಸುಮಾರು ನಲವತ್ತು ರೂಪಾಯಿ ಇನ್ನೂ ರೋಗಿಯ ಮನೆಯಿಂದಲೇ ಹೋಗುತ್ತಿದೆ.

‘ಜನರೇ ಬಯಸಿ ಬರುತ್ತಾರೆ’ ಎಂಬುದು ಮೂರನೆಯ ವಾದ. ಮಹಾರಾಷ್ಟ್ರ ಸರಕಾರವು 2023ರ ಆಗಸ್ಟ್ 15ರಿಂದ ಸಾರ್ವಜನಿಕ ಆರೋಗ್ಯ ಇಲಾಖೆಯ ದವಾಖಾನೆಗಳಲ್ಲಿ ತಪಾಸಣೆ, ಚಿಕಿತ್ಸೆಗಳನ್ನು ಉಚಿತ ಮಾಡಿದೆ. ಉಚಿತವಾದುದನ್ನು ಬಿಟ್ಟು ಹಣ ಕೊಡಲು ಬಡವ ಬಯಸಿ ಬರುತ್ತಾನೆಯೇ? ದಿಕ್ಕು ತೋಚದೆ ಬರುತ್ತಾನೆ. ಗಡಿನಾಡಿನ ಕನ್ನಡಿಗನಿಗಂತೂ ಮತ್ತೊಂದು ಕಾರಣವೂ ಇದೆ. ಬೆಳಗಿನ ಗದ್ದಲದಲ್ಲಿ ಅವನ ಮಾತು ಯಾರಿಗೂ ತಿಳಿಯುವುದಿಲ್ಲ. ಸಂಜೆ ಫೀ ಕೊಟ್ಟಲ್ಲಿ ಕನ್ನಡ ಕೇಳುವ ಕಿವಿ ಸಿಗುತ್ತದೆ. ತಾಯ್ನುಡಿಯಲ್ಲಿ ನೋವು ಹೇಳಿಕೊಳ್ಳುವುದಕ್ಕೂ ದರ ಕಟ್ಟಬೇಕಾದ ಸ್ಥಿತಿ ಇದು.

ಇನ್ನೊಂದು ಹಾನಿ ಕಣ್ಣಿಗೆ ಬೀಳದಂಥದು. 2012ರಲ್ಲಿ ಇಚಲಕರಂಜಿಯಲ್ಲಿ ಕಲುಷಿತ ನೀರಿನಿಂದ ಕಾಮಾಲೆ ಹಬ್ಬಿ ಜೀವಗಳು ಹೋದದ್ದು ನಮಗಾರಿಗೂ ಮರೆತಿಲ್ಲ. ಅಂಥ ರೋಗವನ್ನು ತಡೆಯುವುದು ಹೇಗೆ? ಯಾವ ಓಣಿಯಲ್ಲಿ ಎಷ್ಟು ಜನಕ್ಕೆ ಬಂತೆಂದು ಎಣಿಸಬೇಕು, ನೀರನ್ನು ಪರೀಕ್ಷಿಸಬೇಕು, ಒಡೆದ ಕೊಳವೆಯನ್ನು ಹುಡುಕಬೇಕು, ಗರ್ಭಿಣಿಯರ ಮನೆಗಳಿಗೆ ಹೋಗಬೇಕು. ಈ ಕೆಲಸಕ್ಕೆ ಫೀ ಕೊಡುವ ಗಿರಾಕಿಯಿಲ್ಲ. ಬಾರದ ರೋಗಕ್ಕೆ ಯಾರು ಹಣ ಕೊಡುತ್ತಾರೆ? ವೈದ್ಯರ ಚಿತ್ತ ಸಂಜೆಯ ಬಾಗಿಲಿಗೆ ಅಂಟಿಕೊಂಡರೆ ಮೊದಲು ಸೊರಗುವುದು ಈ ಸಾರ್ವಜನಿಕ ಆರೋಗ್ಯದ ಕೆಲಸವೇ.

‘ಮಾಸ್ತರರೇ, ನಿಮ್ಮವರೇನು ಕಡಿಮೆಯೇ?’ ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಮರುಮಾತಿಲ್ಲ. ತರಗತಿಯಲ್ಲಿ ಅರ್ಧ ಪಾಠ ಹೇಳಿ ಉಳಿದರ್ಧವನ್ನು ಮನೆಯ ಟ್ಯೂಷನ್ನಿಗೆ ಉಳಿಸಿಕೊಂಡ ಶಿಕ್ಷಕರನ್ನು ನಾನು ಬಲ್ಲೆ. ಮುಖ್ಯಾಧ್ಯಾಪಕನಾಗಿ ಕೆಲವರನ್ನು ಗದರಿಸಿದೆ, ಕೆಲವರ ವಿಷಯದಲ್ಲಿ ಸುಮ್ಮನಿದ್ದೆ. ಆ ಮೌನ ನನ್ನ ತಪ್ಪೇ. 2009ರ ಶಿಕ್ಷಣ ಹಕ್ಕು ಕಾಯದೆಯ 28ನೆಯ ಕಲಮು ಶಿಕ್ಷಕರು ಖಾಸಗಿ ಪಾಠ ಹೇಳಬಾರದೆಂದು ವಿಧಿಸಿದೆ. ಶಿಕ್ಷಕರಿಗೆ ಸಲ್ಲುವ ನ್ಯಾಯ ವೈದ್ಯರಿಗೂ ಸಲ್ಲಬೇಕು. ಅರ್ಧ ಪಾಠದಿಂದ ಮಗು ನಪಾಸಾದೀತು. ಅರ್ಧ ಚಿಕಿತ್ಸೆಯಿಂದ ಏನಾದೀತೆಂದು ಬರೆಯಬೇಕಾಗಿಲ್ಲ.

ನಮ್ಮ ಮನೆಗಳಿಗೂ ಈ ಮಾತು ತಾಗುತ್ತದೆ. ಮಗನನ್ನು ಡಾಕ್ಟರ್ ಮಾಡಬೇಕೆಂಬ ಹಂಬಲದಿಂದ ಹೊಲ ಮಾರಿ ಖಾಸಗಿ ಕಾಲೇಜಿಗೆ ಹಣ ಸುರಿಯುತ್ತೇವೆ. ಕೆಲವೆಡೆ ಆ ಶುಲ್ಕ ಕೋಟಿ ದಾಟುತ್ತದೆ. ಆಮೇಲೆ ‘ಹಾಕಿದ್ದು ಹೊರಡಬೇಕಲ್ಲ’ ಎನ್ನುತ್ತೇವೆ. ಎರಡನೆಯ ಬಾಗಿಲಿನ ಅಡಿಗಲ್ಲನ್ನು ಇಡುವವರು ಎಷ್ಟೋ ಸಲ ತಂದೆತಾಯಿಗಳೇ.

ನಮ್ಮ ಹಿರಿಯರ ಅಳತೆಗೋಲು ಬೇರೆಯಿತ್ತು. ಜೈನ ಸಂಪ್ರದಾಯವು ಆಹಾರ, ಅಭಯ, ಶಾಸ್ತ್ರಗಳೊಡನೆ ಔಷಧವನ್ನೂ ನಾಲ್ಕು ದಾನಗಳಲ್ಲಿ ಎಣಿಸಿತು. ಬಾಹುಬಲಿಯ ಬೆಟ್ಟದ ನೆರಳಲ್ಲಿ ಬಾಳುವ ನಮಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಶರಣರ ಕಥೆಯಲ್ಲಿ ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬಾ ಎಂದು ಕಳಿಸಿದವಳು ಲಕ್ಕಮ್ಮ. ಒಂದೇ ಅಂಗಳದಿಂದ ಎರಡು ಸಲ ಆಯಬಾರದೆಂಬ ವಿವೇಕ ಅದು.

ಹಾಗಾದರೆ ಮಾಡಬೇಕಾದುದೇನು? ಸರಕಾರ ಖಾಲಿ ಹುದ್ದೆಗಳನ್ನು ತುಂಬಲಿ. ನಿಷೇಧವಿದ್ದಲ್ಲಿ ಅದನ್ನು ನಿಷ್ಠೆಯಿಂದ ಜಾರಿಗೊಳಿಸಲಿ. ಸಂಜೆಯ ವೇಳೆಗೆ ಜನರಿಗೆ ವೈದ್ಯರು ಬೇಕಾದರೆ ಸರಕಾರಿ ದವಾಖಾನೆಯಲ್ಲಿಯೇ ಸಂಜೆಯ ವಿಭಾಗ ತೆರೆದು, ಅಲ್ಲಿ ದುಡಿದವರಿಗೆ ಹೆಚ್ಚಿನ ವೇತನ ಕೊಡಲಿ. ವೈದ್ಯರ ಹಾಜರಿಯ ವೇಳೆಯನ್ನು ಗೋಡೆಯ ಮೇಲೆ ಬರೆಯಲಿ. ಶಸ್ತ್ರಕ್ರಿಯೆಯ ಸರದಿಯನ್ನು, ಹೆಸರು ಬೇಡ, ಬರಿಯ ನಂಬರು ಮತ್ತು ತಾರೀಖುಗಳನ್ನು, ಎಲ್ಲರಿಗೂ ಕಾಣುವಂತೆ ಹಚ್ಚಲಿ. ಮೂವತ್ತೇಳನೆಯ ನಂಬರು ಹನ್ನೆರಡನೆಯದಕ್ಕಿಂತ ಮೊದಲು ಒಳಗೆ ಹೋದರೆ ಏಕೆಂದು ಯಾರಾದರೂ ಕೇಳಬಲ್ಲರು. ತುರ್ತು ರೋಗಿಯಾದರೆ ಕಾರಣ ಬರೆದಿರಲಿ. ಅದಕ್ಕೆ ಯಾರ ತಕರಾರೂ ಇಲ್ಲ.

ಸಂಘ ಮಾಡಬಹುದಾದ ಕೆಲಸವೂ ಒಂದಿದೆ. ನಮ್ಮಲ್ಲಿ ನಿವೃತ್ತರು ಬಹಳ ಜನ ಇದ್ದೇವೆ. ಕನ್ನಡ, ಮರಾಠಿ ಎರಡನ್ನೂ ಬಲ್ಲೆವು. ದಿನಕ್ಕೊಬ್ಬರಂತೆ ಸರದಿ ಹಾಕಿಕೊಂಡು, ವೈದ್ಯಾಧಿಕಾರಿಗಳ ಅನುಮತಿ ಪಡೆದು, ಬೆಳಗಿನ ಹೊತ್ತು ಸರಕಾರಿ ದವಾಖಾನೆಯ ಕೇಸ್‌ಪೇಪರ್ ಕಿಟಕಿಯ ಬಳಿ ಕುಳಿತರೆ ಎಷ್ಟೋ ಅಜ್ಜಿಯಂದಿರ ನೋವು ವೈದ್ಯರ ಕಿವಿಗೆ ಸರಿಯಾಗಿ ತಲುಪೀತು. ಕನ್ನಡಕ್ಕಾಗಿ ಸಂಜೆಯ ಬಾಗಿಲಿಗೆ ಹೋಗಬೇಕಾದ ಕಾರಣವೊಂದು ಕಡಿಮೆಯಾದೀತು. ಕಾರ್ಯಕಾರಿ ಮಂಡಳಿ ಒಪ್ಪುವುದಾದರೆ ಮೊದಲ ಸೋಮವಾರಕ್ಕೆ ನನ್ನ ಹೆಸರನ್ನೇ ಬರೆದುಕೊಳ್ಳಲಿ. ಅಂದು ಪಡಸಾಲೆಯಲ್ಲಿ ಆ ಹೆಣ್ಣುಮಗಳು ಕೇಳಿದ ಪ್ರಶ್ನೆಗೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ.