ಅಪೀಲಿಗೆ ‘ನಮ್ಮವರು’ ಸಾಕೇ?

“ವಕೀಲರು ನಮ್ಮವರೇ, ನೀವೇನೂ ಹೆದರಬೇಡಿ.” ಕೆಳಗಿನ ಕೋರ್ಟಿನಲ್ಲಿ ಸೋತು ಬಂದ ಕಾರ್ಮಿಕನಿಗೆ ನಮ್ಮಲ್ಲಿ ಮೊದಲು ಸಿಗುವ ಸಮಾಧಾನ ಇದು. ಇಗರ್ಜಿಯ ಅಂಗಳದಲ್ಲಿ ಇದನ್ನೇ ಹೇಳುತ್ತಾರೆ, ಸಂಘದ ಕಚೇರಿಯಲ್ಲಿ ಇದನ್ನೇ ಹೇಳುತ್ತಾರೆ, ವಾಳೆಯ ಗುರಿಕಾರರೂ ಇದನ್ನೇ ಹೇಳುತ್ತಾರೆ. ನಮ್ಮವರು ಎಂದರೆ ಯಾರು? ನಮ್ಮ ಜಾತಿಯವರೋ, ನಮ್ಮ ಭಾಷೆಯವರೋ, ನಮ್ಮ ಪಕ್ಷದವರೋ, ಪಾದ್ರಿಗಳ ಊರಿನವರೋ, ಕಾರ್ಯದರ್ಶಿಗಳ ನೆಂಟರೋ? ಇವರು ಹೈಕೋರ್ಟಿನಲ್ಲಿ ಈ ತನಕ ಎಷ್ಟು ಅಪೀಲು ನಡೆಸಿದ್ದಾರೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದರೆ ಅಗೌರವವಾಗುತ್ತದಂತೆ! ಒಂದು ವಿಧವೆಯ ಮನೆಯ ಗಂಜಿ ಹೋದರೂ ಚಿಂತೆಯಿಲ್ಲ, ವಕೀಲರ ಮುಖ ಸಪ್ಪೆಯಾಗಬಾರದು ಎಂಬ ಈ ಮರ್ಯಾದೆ ಯಾವ ವೇದದಲ್ಲಿದೆ ಎಂದು ನಾವು ಕೇಳುತ್ತೇವೆ.

ನಡೆದ ಒಂದು ಸಂಗತಿಯನ್ನು ಹೆಸರಿಲ್ಲದೆ ಹೇಳುತ್ತೇವೆ. ಕಾಸರಗೋಡಿನ ಒಳನಾಡಿನ ಕೆಂಪುಕಲ್ಲಿನ ಕೋರೆಯೊಂದರಲ್ಲಿ ಮಣ್ಣು ಜರಿದು ಒಬ್ಬ ಆಳು ಸತ್ತ. ಹೆಂಡತಿ ಪರಿಹಾರಕ್ಕೆ ಅರ್ಜಿ ಕೊಟ್ಟರು. ಮಾಲಿಕ ಬಂದು, ಸತ್ತವನು ನನ್ನ ಆಳೇ ಅಲ್ಲ, ಮೇಸ್ತ್ರಿ ತಂದವನು ಎಂದ. ಅರ್ಜಿ ವಜಾ ಆಯಿತು. ಅಪೀಲಿಗೆ ಒಳ್ಳೆಯ ಆಧಾರವಿತ್ತು. ಮೇಸ್ತ್ರಿಯ ಮೂಲಕ ತಂದ ಆಳಿಗೂ ಕೆಲಸದ ಒಡೆಯನೇ ಪರಿಹಾರ ಕೊಡತಕ್ಕದ್ದೆಂದು 1923ರ ಪರಿಹಾರ ಕಾಯಿದೆಯ 12ನೆಯ ಕಲಮಿನಲ್ಲಿ ಸ್ಪಷ್ಟವಾಗಿ ಬರೆದಿತ್ತು. ಕಾಗದಪತ್ರಗಳು ‘ನಮ್ಮವರ’ ಮೇಜಿಗೆ ಹೋದವು. ಅವರು ಕೆಟ್ಟವರಲ್ಲ, ಗಡಿ ತಕರಾರು, ಚೆಕ್ಕಿನ ಕೇಸುಗಳಲ್ಲಿ ಊರಿಗೆ ಬೇಕಾದವರು. ಕಾಗದ ಅಲ್ಲಿ ಏಳು ತಿಂಗಳು ಮಲಗಿತು. ಕೊನೆಗೆ ಎರ್ನಾಕುಲಂನ ಯಾರೋ ಕಿರಿಯರ ಕೈಯಿಂದ ಅಪೀಲು ಹಾಕಿಸಿದರು. ಅದರಲ್ಲಿ ಆ ತಾಯಿಯ ಬಡತನದ ವರ್ಣನೆ ಎರಡು ಪುಟ ಇತ್ತು, 12ನೆಯ ಕಲಮಿನ ಸುದ್ದಿಯೇ ಇರಲಿಲ್ಲ. ತಡವಾದದ್ದಕ್ಕೆ ಅರ್ಜಿದಾರಳ ಕಾಯಿಲೆ ಕಾರಣವೆಂದು ಬರೆದಿದ್ದರು. ಆದರೆ ಆ ಏಳು ತಿಂಗಳೂ ಆಕೆ ಗೇರುಬೀಜದ ಕಾರ್ಖಾನೆಗೆ ಹೋಗಿದ್ದರು, ಹಾಜರಿ ಪುಸ್ತಕದಲ್ಲಿ ಹೆಸರಿತ್ತು. ಎದುರು ಪಕ್ಷದವರು ಅದನ್ನು ಹಾಜರುಪಡಿಸಿದರು. ಅಲ್ಲಿಗೆ ಮುಗಿಯಿತು. ನಮ್ಮ ಕೈಗೆ ಆ ಕಟ್ಟು ಬಂದದ್ದು ಎಲ್ಲಾ ಮುಗಿದ ಮೇಲೆ.

ಕೆಲವರು ದೇವರ ಚಿತ್ತವೆಂದರು. ದಯವಿಟ್ಟು ಇದನ್ನು ದೇವರ ತಲೆಗೆ ಕಟ್ಟಬೇಡಿ. ಇಂಥ ಪರಿಹಾರದ ಆಜ್ಞೆಯ ಮೇಲೆ ಹೈಕೋರ್ಟಿಗೆ ಹೋಗಲು ಅರುವತ್ತು ದಿನ ಎಂಬುದು ಮನುಷ್ಯರು ಬರೆದ ಕಾಯಿದೆ. ಹಳೆಯ ಕಾಯಿದೆಯಲ್ಲೂ ಅಷ್ಟೇ, ಹೊಸ ಸಂಹಿತೆಯಲ್ಲೂ ಅಷ್ಟೇ. ಮೋಟಾರು ಅಪಘಾತದ ತೀರ್ಪಾದರೆ ತೊಂಬತ್ತು ದಿನ. ದೃಢೀಕೃತ ನಕಲಿಗೆ ಅರ್ಜಿ ಕೊಟ್ಟು ಕಾದ ದಿನಗಳನ್ನು ಲೆಕ್ಕದಿಂದ ಬಿಡುತ್ತಾರೆ, ಆದುದರಿಂದ ತೀರ್ಪಾದ ದಿನವೇ ನಕಲಿಗೆ ಅರ್ಜಿ ಹಾಕತಕ್ಕದ್ದು. ತಡವಾದರೆ ಮನ್ನಿಸುವ ಅಧಿಕಾರ ಕೋರ್ಟಿಗುಂಟು, ಅದನ್ನು ಉದಾರವಾಗಿ ಉಪಯೋಗಿಸಬೇಕೆಂದು ಸುಪ್ರೀಂ ಕೋರ್ಟು 1987ರಲ್ಲಿ ಹೇಳಿದ್ದೂ ಉಂಟು. ಆದರೆ ಸತ್ಯವಾದ ಕಾರಣ ಬೇಕು. ಸುಳ್ಳು ಕಾಯಿಲೆಗೆ ಯಾವ ಕೋರ್ಟೂ ಮದ್ದು ಕೊಡುವುದಿಲ್ಲ.

ಅಪೀಲು ಎಂದರೇನು ಎಂಬುದೇ ನಮ್ಮಲ್ಲಿ ಹಲವರಿಗೆ ತಿಳಿದಿಲ್ಲ. ಇನ್ನೊಮ್ಮೆ ಸಾಕ್ಷಿ ಕರೆದು ಇನ್ನೊಮ್ಮೆ ಕಥೆ ಹೇಳುವುದೆಂದು ತಿಳಿದಿದ್ದಾರೆ. ಅಲ್ಲಿ ಸಾಕ್ಷಿಯ ಕಟಕಟೆ ಇಲ್ಲ. ಕೆಳಗೆ ಏನು ಬರೆದಾಗಿದೆಯೋ ಆ ಕಾಗದದ ಮೇಲೆಯೇ ವಾದ. ಕಾರ್ಮಿಕ ಪರಿಹಾರದ ಅಪೀಲಿನಲ್ಲಂತೂ ಕಾನೂನಿನ ಗಣನೀಯ ಪ್ರಶ್ನೆಯೊಂದನ್ನು ಎತ್ತದೆ ಬಾಗಿಲೇ ತೆರೆಯುವುದಿಲ್ಲ. ‘ಅವನು ಆಳು ಹೌದೋ ಅಲ್ಲವೋ’ ಎಂದು ಸುಮ್ಮನೆ ಕೇಳಿದರೆ, ಅದು ಸಂಗತಿಯ ಪ್ರಶ್ನೆ, ಕಮಿಷನರರು ತೀರ್ಮಾನಿಸಿ ಆಗಿದೆ ಎಂದು ಕಳಿಸಿಬಿಡುತ್ತಾರೆ. ಅದನ್ನೇ, ‘ಕಡತದಲ್ಲಿದ್ದ ಇಂಥಿಂಥ ಸಾಕ್ಷ್ಯವನ್ನು ನೋಡದೆಯೇ ತೀರ್ಮಾನಿಸಿದ್ದಾರೆ, ಇಂಥ ಕಲಮನ್ನು ಅನ್ವಯಿಸಲೇ ಇಲ್ಲ’ ಎಂದು ಕೇಳಿದರೆ ಕಾನೂನಿನ ಪ್ರಶ್ನೆಯಾಗುತ್ತದೆ. ಎರಡೂ ಒಂದೇ ಕಥೆ, ಕೇಳುವ ರೀತಿ ಬೇರೆ. ಈ ರೀತಿಯನ್ನು ವರ್ಷಗಟ್ಟಲೆ ಆ ಕೆಲಸ ಮಾಡಿದವರು ಬಲ್ಲರು. ಕಲ್ಲು ಕಡಿಯುವವನೂ ಗೋಡೆ ಕಟ್ಟುವವನೂ ಕಲ್ಲಿನ ಕೆಲಸದವರೇ. ಆದರೂ ಕಡಿಯುವವನ ಕೈಗೆ ಕರಣೆ ಕೊಟ್ಟು ಗೋಡೆ ಎಬ್ಬಿಸು ಎಂದು ನಮ್ಮಲ್ಲಿ ಯಾರೂ ಹೇಳುವುದಿಲ್ಲ.

ಗೆದ್ದವರಿಗೂ ಇದೇ ಮಾತು. ವಿಮಾ ಕಂಪೆನಿ ಅಪೀಲು ಹೋದಾಗ, ಗೆದ್ದಾಗಿದೆಯಲ್ಲ, ಯಾರು ನಿಂತರೂ ಸಾಕು ಎಂದು ನಮ್ಮವರು ಕೈಕಟ್ಟಿ ಕೂತುಕೊಳ್ಳುತ್ತಾರೆ. ಕರ್ನಾಟಕದಿಂದ ಹೋದ ಒಂದು ಮೊಕದ್ದಮೆಯಲ್ಲಿ 2016ರ ನವೆಂಬರದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದೇನು? ಸಂಗತಿಗಳ ವಿಷಯದಲ್ಲಿ ಕಮಿಷನರರ ಮಾತೇ ಕೊನೆ. ಹೈಕೋರ್ಟು ಸಾಕ್ಷ್ಯವನ್ನು ತಾನೇ ಮತ್ತೆ ತೂಗಿ ಕಾರ್ಮಿಕರ ಅಂಗವೈಕಲ್ಯದ ಪ್ರಮಾಣವನ್ನು ಇಳಿಸಿದ್ದು ತಪ್ಪು ಎಂದಿತು. ಇದು ನಮ್ಮ ಗುರಾಣಿ. ಗುರಾಣಿಯ ಹೆಸರು ಗೊತ್ತಿಲ್ಲದವನನ್ನು ಕಾವಲಿಗೆ ನಿಲ್ಲಿಸಿ ಏನು ಫಲ?

ಕೆಲಸದಿಂದ ತೆಗೆದ ಮೊಕದ್ದಮೆಗಳಲ್ಲೂ ಹಾಗೆಯೇ. 1947ರ ಕೈಗಾರಿಕಾ ವಿವಾದ ಕಾಯಿದೆಯ 17ಬಿ ಕಲಮಿನಂತೆ, ಕೆಲಸಕ್ಕೆ ತಿರುಗಿ ಸೇರಿಸಿಕೊಳ್ಳಿ ಎಂಬ ಆಜ್ಞೆಯ ಮೇಲೆ ಮಾಲಿಕ ಹೈಕೋರ್ಟಿಗೆ ಹೋದರೆ ಆ ಕೇಸು ಮುಗಿಯುವ ತನಕ ಕಾರ್ಮಿಕನಿಗೆ ಕೊನೆಯ ದರದ ಸಂಬಳ ಕೊಡಬೇಕಾಗಿತ್ತು. ತನಗೆ ಬೇರೆ ಕಡೆ ಕೆಲಸವಿಲ್ಲವೆಂದು ಕಾರ್ಮಿಕ ಪ್ರಮಾಣಪತ್ರ ಸಲ್ಲಿಸಿದರೆ ಸಾಕಿತ್ತು. ಆ ಒಂದು ಹಾಳೆ ಸಲ್ಲಿಸದೆ ಉಪವಾಸ ಬಿದ್ದ ಮನೆಗಳನ್ನು ನಾವು ಕಂಡಿದ್ದೇವೆ. 2025ರ ನವೆಂಬರ 21ರಂದು ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ಯಾವ ಕೇಸು ಹಳೆಯ ಕಾಯಿದೆಗೆ ಸೇರಿತು, ಯಾವುದು ಹೊಸದಕ್ಕೆ ಎಂಬ ಪ್ರಶ್ನೆ ಪ್ರತಿ ಕಡತದಲ್ಲೂ ಏಳುತ್ತದೆ. ಇನ್ನಾದರೂ ‘ಯಾರು ನಿಂತರೂ ಸಾಕು’ ಎನ್ನುವ ಬಾಯಿಗಳು ಮುಚ್ಚಲಿ.

ಇನ್ನು ಭಾಷೆಯ ಮಾತು. ಕಾಸರಗೋಡಿನ ಕನ್ನಡಿಗರಾದ ನಮಗೆ ಮಂಗಳೂರು ಹತ್ತಿರ; ಎರ್ನಾಕುಲಂ ನಾನೂರು ಕಿಲೋಮೀಟರಿನಷ್ಟು ದೂರ, ರಾತ್ರಿಯಿಡೀ ರೈಲು. ಮಂಗಳೂರಿನ ವಕೀಲರು ಕನ್ನಡ ಮಾತಾಡುತ್ತಾರೆ, ಚಹಾ ಕೊಡುತ್ತಾರೆ, ಮನಸ್ಸಿಗೆ ಹಿತವಾಗುತ್ತದೆ. ಆದರೆ ತೀರ್ಪು ಕೊಟ್ಟ ಕೋರ್ಟು ಕೇರಳದ್ದಾದರೆ ಅಪೀಲು ಎರ್ನಾಕುಲಂನ ಹೈಕೋರ್ಟಿಗೇ ಹೊರತು ಬೆಂಗಳೂರಿಗಲ್ಲ. 1956ರ ನವೆಂಬರ 1ರ ತನಕ ನಾವು ದಕ್ಷಿಣ ಕನ್ನಡ ಜಿಲ್ಲೆಯವರು, ಆ ದಿನದಿಂದ ಕೇರಳದವರು. ಈ ಗಡಿಯ ಬಗ್ಗೆ ಹೃದಯದಲ್ಲಿ ಏನೇ ಇರಲಿ, ಅಪೀಲಿನ ದಿನ ಎಣಿಸುವಾಗ ಗಡಿ ಗಡಿಯೇ. ಮಂಗಳೂರಿನ ನ್ಯಾಯಮಂಡಳಿ ತೀರ್ಪು ಕೊಟ್ಟ ಕೇಸಿದ್ದರೆ ಬೆಂಗಳೂರಿಗೆ ಹೋಗಿ, ಯಾರೂ ಬೇಡವೆನ್ನುವುದಿಲ್ಲ.

ಕನ್ನಡ ಬಲ್ಲ ವಕೀಲರು ಬೇಡವೆಂದು ನಾವು ಹೇಳುತ್ತಿಲ್ಲ. ಕನ್ನಡ ಬೇಕಾಗುವ ಜಾಗ ಬೇರೆ. ಹೈಕೋರ್ಟಿನ ಭಾಷೆ ಇಂಗ್ಲಿಷು. ನಮ್ಮ ಸಂಬಳದ ಪುಸ್ತಕ, ಮೇಸ್ತ್ರಿಯ ಚೀಟಿ, ಸಂಘದ ನಡಾವಳಿ ಕನ್ನಡದಲ್ಲಿ. ಸಾಕ್ಷಿಯ ಹೇಳಿಕೆ ಮಲಯಾಳದಲ್ಲಿ. ಇವೆಲ್ಲ ತರ್ಜುಮೆಯಾಗಬೇಕು. ದಿನಗೂಲಿಯವನೇ ಆಗಿ ಹತ್ತು ಆಳುಗಳ ಮುಂದಾಳಾಗಿರುವ ಮೇಸ್ತ್ರಿಯನ್ನು ‘ಕಂಟ್ರಾಕ್ಟರ್’ ಎಂದು ಬರೆದುಬಿಟ್ಟರೆ ಮಾಲಿಕನ ವಾದವನ್ನು ನಾವೇ ಬರೆದುಕೊಟ್ಟಂತಾಯಿತು. ಆದುದರಿಂದ ಎರ್ನಾಕುಲಂನಲ್ಲಿ ಅಪೀಲಿನ ಕೆಲಸ ಬಲ್ಲವರನ್ನು ಹಿಡಿಯಿರಿ. ತರ್ಜುಮೆಯನ್ನು ಸಲ್ಲಿಸುವ ಮೊದಲು ಕನ್ನಡ ಬಲ್ಲ ಒಬ್ಬ ಮಾಸ್ತರರಿಗೆ ತೋರಿಸಿ. ಕೆಳಗಿನ ಕೋರ್ಟಿನ ವಕೀಲರನ್ನೂ ಬಿಡಬೇಡಿ. ಕಡತದ ಮೂಲೆಮೂಲೆ ತಿಳಿದವರು ಅವರೇ, ಅವರು ಬಂದು ಹೊಸಬರಿಗೆ ವಿವರಿಸಲಿ. ‘ಕೆಳಗೆ ನಡೆಸಿದವರೇ ಮೇಲೂ ನಡೆಸಲಿ’ ಎಂಬ ವಾದದಲ್ಲಿ ಇರುವ ಸತ್ಯ ಇಷ್ಟು ಮಾತ್ರ. ಅವರು ಕಡತ ಹಿಡಿದಿಟ್ಟುಕೊಂಡರೆ ಹೆದರಬೇಕಾಗಿಲ್ಲ. ಫೀಸು ಬಾಕಿಯಿದೆ ಎಂಬ ಕಾರಣಕ್ಕೆ ಕಕ್ಷಿಗಾರನ ಕಾಗದಗಳನ್ನು ಒತ್ತೆಯಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲವೆಂದು ಸುಪ್ರೀಂ ಕೋರ್ಟು 2000ದಲ್ಲಿಯೇ ತೀರ್ಮಾನಿಸಿದೆ.

ಈಗ ಶೇಕಡಾದ ವ್ಯಾಪಾರಕ್ಕೆ ಬರೋಣ. “ಈಗ ಏನೂ ಕೊಡಬೇಡಿ, ಬಂದದ್ದರಲ್ಲಿ ಇಷ್ಟು ಪಾಲು ಕೊಟ್ಟರೆ ಸಾಕು” ಎಂದು ಆಸ್ಪತ್ರೆಯ ಬಾಗಿಲಿನಿಂದಲೇ ದಲ್ಲಾಳಿಗಳು ಬೆನ್ನು ಹತ್ತುತ್ತಾರೆ. ಬಡವನಿಗೆ ಇದು ಉಪಕಾರದಂತೆ ಕಾಣುತ್ತದೆ. ಮೊಕದ್ದಮೆಯ ಫಲದಲ್ಲಿ ಪಾಲು ಕೇಳಬಾರದೆಂದು ವಕೀಲರ ಪರಿಷತ್ತಿನ ನಿಯಮವೇ ಇದೆ. ತೆಲಂಗಾಣದಲ್ಲಿ ಅಪಘಾತದಲ್ಲಿ ಗಂಡನನ್ನು ಕಳಕೊಂಡ ಒಬ್ಬ ಹೆಂಗಸಿನಿಂದ ಹೀಗೆ ಪಾಲಿನ ಲೆಕ್ಕದಲ್ಲಿ ಚೆಕ್ಕು ಬರೆಸಿಕೊಂಡು, ಅದು ಪಾಸಾಗದಿದ್ದಾಗ ಆಕೆಯ ಮೇಲೆಯೇ ಕೇಸು ಹಾಕಿದ್ದರು. 2017ರ ದಶಂಬರದಲ್ಲಿ ಸುಪ್ರೀಂ ಕೋರ್ಟು ಆ ಕೇಸನ್ನು ರದ್ದು ಮಾಡಿತು, ಪಾಲಿನ ಫೀಸು ವೃತ್ತಿಗೆ ಸಲ್ಲದ ನಡತೆ ಎಂದಿತು. ಇಷ್ಟಾದರೂ ನಮ್ಮ ಕೆಲವು ಪುಢಾರಿಗಳು ಅದೇ ದಲ್ಲಾಳಿಗಳನ್ನು ಮನೆಗೆ ಕರೆತರುತ್ತಾರೆ. ಅವರಿಗೆ ಸಿಗುವುದೇನು ಎಂದು ನಾವು ಇಲ್ಲಿ ಬರೆಯುವುದಿಲ್ಲ, ಓದುಗರು ಬುದ್ಧಿವಂತರು.

ಕೆಟ್ಟ ಮೇಲೆ ನ್ಯಾಯ ಸಿಗಬಹುದೆಂದು ನಂಬಿ ಕೂರಬೇಡಿ. ವಕೀಲರ ಸೇವೆ ಗ್ರಾಹಕ ಕಾಯಿದೆಯ ಒಳಗೆ ಬರುವುದಿಲ್ಲವೆಂದು 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಹೇಳಿಯಾಯಿತು. ವಕೀಲರು ಹಾಜರಾಗದೆ ಒಬ್ಬ ಹಳ್ಳಿಗನ ಅಪೀಲು ಬಿದ್ದುಹೋದಾಗ, ಅವರ ತಪ್ಪಿಗೆ ಇವನನ್ನು ಶಿಕ್ಷಿಸಬಾರದೆಂದು ಅದೇ ಕೋರ್ಟು 1981ರಲ್ಲಿ ಎತ್ತಿಹಿಡಿದದ್ದು ನಿಜ. ಆ ಹಳ್ಳಿಗ ದಿಲ್ಲಿಯ ತನಕ ಹೋಗಬೇಕಾಯಿತು. ನಮ್ಮಲ್ಲಿ ಎಷ್ಟು ಮಂದಿ ದಿಲ್ಲಿಗೆ ಹೋಗಬಲ್ಲರು?

ದೊಡ್ಡ ಹೆಸರಿನ ಮೋಹವೂ ಬೇಡ. ಹಿರಿಯ ವಕೀಲರೆಂದು ಗೌನು ಪಡೆದವರು ನಿಮ್ಮಿಂದ ನೇರವಾಗಿ ವಕಾಲತ್ತು ತೆಗೆದುಕೊಳ್ಳುವಂತಿಲ್ಲ. ಇನ್ನೊಬ್ಬ ವಕೀಲರ ಮೂಲಕವೇ ನಿಲ್ಲಬೇಕು. ಕಡತ ಬರೆಯುವ ಆ ಇನ್ನೊಬ್ಬರು ಯಾರು ಎಂಬುದೇ ಮುಖ್ಯ. ಅವರನ್ನು ಕೇಳಿ: ಇಂಥ ಅಪೀಲು ಎಷ್ಟು ನಡೆಸಿದ್ದೀರಿ, ಕಾರ್ಮಿಕರ ಪರವೋ ಕಂಪೆನಿಯ ಪರವೋ, ವಾದಿಸುವವರು ನೀವೋ ಬೇರೆಯವರೋ, ನಮ್ಮ ಕೇಸಿನಲ್ಲಿ ಕಾನೂನಿನ ಪ್ರಶ್ನೆ ಯಾವುದು? ಕಡತ ಬಿಚ್ಚುವ ಮೊದಲೇ ‘ಗೆಲ್ಲಿಸುತ್ತೇನೆ’ ಎಂದವರ ಮನೆಯಿಂದ ಎದ್ದು ಬನ್ನಿ. ಇ-ಕೋರ್ಟ್ಸ್ ಜಾಲತಾಣದಲ್ಲಿ ವಕೀಲರ ಹೆಸರು ಹಾಕಿ ಅವರ ಕೇಸುಗಳನ್ನು ಹುಡುಕಬಹುದು. ನಮ್ಮ ಯುವಕರು ಮೊಬೈಲಿನಲ್ಲಿ ಕ್ರಿಕೆಟ್ಟು ನೋಡುವ ಹೊತ್ತಿನಲ್ಲಿ ಅರ್ಧ ಗಂಟೆ ಇದಕ್ಕೆ ಕೊಡಲಿ.

ಅಪೀಲೇ ಬೇಡ ಎನ್ನುವ ವಕೀಲರೂ ಸಿಗಬಹುದು. ಅವರನ್ನು ಹೇಡಿಯೆಂದು ಬಯ್ಯಬೇಡಿ. ಪೌಲನು ಫೆಸ್ತನ ಮುಂದೆ ಕೈಸರನಿಗೆ ಅಪೀಲು ಮಾಡಿದ್ದನ್ನು ನಾವು ಪ್ರಸಂಗಗಳಲ್ಲಿ ಬಹಳ ಹೊಗಳುತ್ತೇವೆ. ಅಪೀಲು ಮಾಡದಿದ್ದರೆ ಈ ಮನುಷ್ಯನನ್ನು ಬಿಟ್ಟುಬಿಡಬಹುದಾಗಿತ್ತೆಂದು ಅಗ್ರಿಪ್ಪನು ಆಮೇಲೆ ಹೇಳಿದ್ದನ್ನು ಮಾತ್ರ ಓದಿ ದಾಟಿಬಿಡುತ್ತೇವೆ. ಪೌಲನಿಗೆ ರೋಮಿಗೆ ಹೋಗುವ ಬೇರೆ ಕರೆಯಿತ್ತು. ನಮ್ಮ ಕೋರೆಯ ಆಳಿಗೆ ಬೇಕಾದದ್ದು ಪರಿಹಾರದ ಹಣ.

ಹಣವಿಲ್ಲ ಎಂಬ ಮಾತಿಗೆ ಉತ್ತರವಿದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಹೆಂಗಸರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಇವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ನೆರವು ಸಿಗತಕ್ಕದ್ದು. ಹೈಕೋರ್ಟಿನಲ್ಲಿಯೇ ಅದಕ್ಕೆ ಸಮಿತಿಯಿದೆ. ಪುಕ್ಕಟೆ ವಕೀಲರು ಕೆಲಸಕ್ಕೆ ಬಾರದವರೆಂದು ಹಳಿಯುವವರು ಎರಡು ವಿಧ: ಒಬ್ಬರು ಅಲ್ಲಿಗೆ ಹೋಗದವರು, ಇನ್ನೊಬ್ಬರು ದಲ್ಲಾಳಿಗಳು. ಅಲ್ಲಿಯೂ ಮೇಲಿನ ಪ್ರಶ್ನೆಗಳನ್ನೇ ಕೇಳಿ. ಕೊಟ್ಟವರು ಸರಿ ಕಾಣದಿದ್ದರೆ ಬೇರೆಯವರನ್ನು ಕೊಡಿ ಎಂದು ಸಮಿತಿಗೆ ಅರ್ಜಿ ಬರೆಯಿರಿ.

ಮುಂದಿನ ಕೂಟದಲ್ಲಿ ನಾವು ಒಂದು ಠರಾವು ಮಂಡಿಸುತ್ತೇವೆ. ಪ್ರತಿ ಘಟಕವೂ ಒಂದು ಪುಸ್ತಕ ಇಡಬೇಕು. ಸದಸ್ಯರ ಕೇಸಿನ ತೀರ್ಪಿನ ದಿನ, ನಕಲಿಗೆ ಅರ್ಜಿ ಹಾಕಿದ ದಿನ, ಅಪೀಲಿನ ಕೊನೆಯ ದಿನ ಇವನ್ನು ಅದರಲ್ಲಿ ಬರೆದು ಪ್ರತಿ ಆದಿತ್ಯವಾರ ಪೂಜೆಯ ಬಳಿಕ ಓದಿ ಹೇಳಬೇಕು. ಅಪೀಲಿನ ವಕೀಲರನ್ನು ಒಬ್ಬರ ಬಾಯಿಮಾತಿನಿಂದ ಗೊತ್ತು ಮಾಡದೆ, ಕನಿಷ್ಠ ಇಬ್ಬರನ್ನು ಕಂಡು ವಿಚಾರಿಸಿ, ಕಕ್ಷಿಗಾರನೇ ಆರಿಸುವಂತೆ ಬಿಡಬೇಕು. ಫೀಸಿಗೆ ರಶೀದಿ ಇಲ್ಲದೆ ಸಂಘದ ನಿಧಿಯಿಂದ ಒಂದು ರೂಪಾಯಿಯೂ ಹೋಗಕೂಡದು. ಮತ್ತು ಯಾವ ಪದಾಧಿಕಾರಿಯ ನೆಂಟರು ವಕೀಲರಾಗಿ ಸೂಚಿತರಾಗುತ್ತಾರೋ, ಆ ಪದಾಧಿಕಾರಿ ಅಂದಿನ ಚರ್ಚೆಯ ಹೊತ್ತು ಹೊರಗೆ ಹೋಗಿ ಕೂತುಕೊಳ್ಳಬೇಕು. ವಿರೋಧಿಸುವವರು ಹೆಸರು ಹಾಕಿ ವಿರೋಧಿಸಲಿ, ಅದನ್ನೂ ನಡಾವಳಿಯಲ್ಲಿ ಬರೆದಿಡುತ್ತೇವೆ.