ಹೊಟ್ಟೆಯ ಕಿಚ್ಚು, ಒಲೆಯ ಕಿಚ್ಚು

ಓರಗೆಯವನ ಪುಸ್ತಕಕ್ಕೆ ಮೆಚ್ಚುಗೆ ಬಂದಿತೆಂದರೆ ಬರೆಯಬಲ್ಲವನ ಹೊಟ್ಟೆಯಲ್ಲಿ ಕಿಚ್ಚೇಳುವುದು ಸಹಜ. ಆ ಕಿಚ್ಚಿನ ಮೇಲೆ ಅಡಿಗೆಯನ್ನೂ ಮಾಡಬಹುದು! 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದ ರಾಯಸಂ ಭೀಮಸೇನರಾಯರು ಪೊಲೀಸ್ ಇಲಾಖೆಯ ನೌಕರರು, ಇಂಗ್ಲಿಷಿನ ಭಕ್ತರು, ಕನ್ನಡದ ಬರೆಹವೆಂದರೆ ತಾತ್ಸಾರ. ತಮಗಿಂತ ಐದೇ ವರ್ಷ ಹಿರಿಯರಾದ ಅ.ನ.ಕೃ. ಅವರ ‘ಸಂಧ್ಯಾರಾಗ’ ಕೈಗೆ ಬಂದಿತು. ಓದಿದರು. ಕನ್ನಡದಲ್ಲಿ ಇಂತಹುದೂ ಸಾಧ್ಯವೆ? ಇದನ್ನು ಬೆರಗೆನ್ನಬೇಕು, ಆದರೆ ಬೆರಗಿಗೂ ಅಸೂಯೆಗೂ ನಡುವಣ ಗೋಡೆ ಬಲು ತೆಳು. ಇಂತಹ ಗಳಿಗೆಯಲ್ಲಿ ಅನೇಕರು ತಪ್ಪು ಹುಡುಕಲು ಕುಳಿತುಬಿಡುತ್ತಾರೆ. ರಾಯರು ಲೇಖನಿ ಹಿಡಿದರು. ಅನುಕರಣೆಗೂ ಇಳಿಯಲಿಲ್ಲ, ಅಲ್ಲಿದ್ದುದು ಸಂಗೀತಗಾರನ ಕಥೆ, ಇವರು ಆರಿಸಿಕೊಂಡುದು ನಗೆ. ‘ಬೀಚಿ’ ಎಂಬ ಹೆಸರಿನಲ್ಲಿ ಅವರು ಸೃಷ್ಟಿಸಿದ ತಿಂಮ, ಅವರು 1980ರಲ್ಲಿ ತೀರಿಕೊಂಡ ಮೇಲೂ ಕನ್ನಡಿಗರ ಮನೆಗಳಲ್ಲಿ ತಂಟೆ ಮಾಡುತ್ತಲೇ ಇದ್ದಾನೆ.