ಸದ್ದಿಲ್ಲದ ದೋಣಿಗೂ ಒಂದು ಗಡಿ ಬೇಕು

ಕರ್ನಾಟಕದ ಹಿನ್ನೀರುಗಳಲ್ಲಿ ಕಯಾಕ್ ಈಗ ಅಪರೂಪದ ನೋಟವಲ್ಲ. ಶರಾವತಿ ಹಿನ್ನೀರಿನ ಹೊನ್ನೆಮರಡುವಿನಲ್ಲಿ ದಶಕಗಳಿಂದ ಹೊಸಬರಿಗೆ ಹುಟ್ಟು ಹಾಕುವುದನ್ನು ಕಲಿಸುತ್ತ ಬಂದಿದ್ದಾರೆ. ಉಡುಪಿ ಜಿಲ್ಲೆಯ ಸಾಲಿಗ್ರಾಮದ ಬಳಿ ಸೀತಾ ನದಿಯ ಕಾಂಡ್ಲಾ ಕಾಡಿನ ನಡುವೆ ಕಯಾಕ್‌ನಲ್ಲಿ ಸಾಗಲು ದೂರದ ಊರುಗಳಿಂದ ಜನ ಬರುತ್ತಾರೆ. ಈ ಹವ್ಯಾಸದ ಪರವಾಗಿ ಎಲ್ಲರೂ ಹೇಳುವ ಮಾತು ಒಂದೇ: ಇದಕ್ಕೆ ಎಂಜಿನ್ ಇಲ್ಲ, ಹೊಗೆ ಇಲ್ಲ, ಗದ್ದಲ ಇಲ್ಲ, ಹಾಗಾಗಿ ವನ್ಯಜೀವಿಗಳಿಗೆ ತೊಂದರೆಯೂ ಇಲ್ಲ. ಎಂಜಿನ್, ಹೊಗೆ, ಗದ್ದಲದ ಮಾತು ನಿಜ. ತೊಂದರೆಯಿಲ್ಲ ಎಂಬುದನ್ನು ಮಾತ್ರ ನಾವು ಪರೀಕ್ಷಿಸದೆ ಒಪ್ಪಿಕೊಂಡಿದ್ದೇವೆ. ನಮ್ಮ ದೊಡ್ಡ ಜಲಾಶಯಗಳಲ್ಲಿ ಕಯಾಕಿಂಗ್ ಬೆಳೆಯಲಿ, ಮೋಟಾರು ದೋಣಿಗಳ ಜಾಗವನ್ನೂ ಅದೇ ತುಂಬಲಿ ಎಂಬುದು ನನ್ನ ಆಸೆ. ಆದರೆ ಎಲ್ಲಿಗೆ, ಯಾವ ತಿಂಗಳಲ್ಲಿ, ಎಷ್ಟು ಹತ್ತಿರ ಎಂಬ ಕಟ್ಟುಪಾಡು ಅದರ ಜೊತೆಯಲ್ಲೇ ಬರಬೇಕು.

ಕಯಾಕ್ ಹುಟ್ಟಿದ್ದು ವಿಹಾರಕ್ಕಲ್ಲ. ಉತ್ತರ ಧ್ರುವ ಪ್ರದೇಶದ ಇನ್ಯೂಟ್ ಮತ್ತಿತರ ಜನ ಸೀಲ್ ಪ್ರಾಣಿಗಳ ಚರ್ಮ ಹೊದಿಸಿ ಅದನ್ನು ಕಟ್ಟಿದ್ದು, ಅದೇ ಸೀಲ್‌ಗಳ ಹತ್ತಿರಕ್ಕೆ ಅವುಗಳಿಗೆ ಅರಿವಾಗದಂತೆ ಸಾಗಿ ಬೇಟೆಯಾಡಲು. ನೀರಿಗೆ ಅಂಟಿಕೊಂಡಂತೆ ಕೂರುವ ತಗ್ಗು ಆಕಾರ, ಸದ್ದಿಲ್ಲದ ಚಲನೆ, ಗೇಣು ನೀರಿನಲ್ಲೂ ತೇಲುವ ಹಗುರ, ಈ ಗುಣಗಳೆಲ್ಲ ಪ್ರಾಣಿಯ ಸಮೀಪ ಹೋಗುವುದಕ್ಕೆಂದೇ ರೂಪುಗೊಂಡವು. ಇಂದಿನ ಪ್ಲಾಸ್ಟಿಕ್ ಕಯಾಕ್‌ನಲ್ಲೂ ಆ ಗುಣಗಳು ಹಾಗೇ ಇವೆ. ಮೋಟಾರು ದೋಣಿಯ ಸದ್ದು ದೂರದಿಂದಲೇ ಹಕ್ಕಿಯನ್ನು ಎಚ್ಚರಿಸುತ್ತದೆ. ಅದರ ಪ್ರೊಪೆಲ್ಲರ್ ನೆಲಕ್ಕೆ ತಾಗುವುದರಿಂದ ಅದು ದಡದ ಜೊಂಡಿನವರೆಗೂ ಬರಲಾರದು. ಕಯಾಕ್‌ಗೆ ಈ ಎರಡು ತಡೆಗಳೂ ಇಲ್ಲ. ಜೊಂಡಿನ ಸಂದಿಗೆ, ಮುಳುಗಿದ ಮರಗಳ ನಡುವಿಗೆ, ನಡುಗಡ್ಡೆಯ ಮರಳ ಅಂಚಿಗೆ ಅದು ಸಲೀಸಾಗಿ ನುಗ್ಗುತ್ತದೆ. ನೀರುಹಕ್ಕಿಗಳು ಗೂಡು ಕಟ್ಟುವುದೂ, ನೀರುನಾಯಿಗಳು ಮರಿಗಳನ್ನು ಅಡಗಿಸಿಡುವುದೂ ಅಂಥ ಜಾಗಗಳಲ್ಲೇ.

ಭದ್ರಾ ಜಲಾಶಯದ ಉದಾಹರಣೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಬೇಸಿಗೆ ಹತ್ತಿರವಾದಂತೆ ನೀರು ಇಳಿದು, ಲಕ್ಕವಳ್ಳಿಯ ಹಿನ್ನೀರಿನಲ್ಲಿ ಬೋಳು ನಡುಗಡ್ಡೆಗಳು ತಲೆ ಎತ್ತುತ್ತವೆ. ರಿವರ್ ಟರ್ನ್ ಹಕ್ಕಿಗಳು ದೊಡ್ಡ ಗುಂಪಾಗಿ ಅಲ್ಲಿಗೆ ಬಂದು ಮೊಟ್ಟೆಯಿಡುತ್ತವೆ. ಇವು ಕಡ್ಡಿ ತಂದು ಗೂಡು ಕಟ್ಟುವ ಹಕ್ಕಿಗಳಲ್ಲ. ಮರಳು, ಹರಳುಗಲ್ಲುಗಳ ಬಯಲಲ್ಲಿ ಸಣ್ಣ ತಗ್ಗು ಮಾಡಿ, ಕಲ್ಲಿನದೇ ಬಣ್ಣದ ಮೊಟ್ಟೆಗಳನ್ನು ಇಡುತ್ತವೆ. ನಾಲ್ಕೂ ಕಡೆ ನೀರಿರುವುದೇ ಅವಕ್ಕೆ ಕೋಟೆ. ಕಯಾಕ್ ಹತ್ತಿರ ಬಂದು ತಾಯಿಹಕ್ಕಿ ಎದ್ದು ಹಾರಿದರೆ, ಅಷ್ಟು ಹೊತ್ತೂ ಏಪ್ರಿಲ್ ಬಿಸಿಲು ನೇರ ಮೊಟ್ಟೆಯ ಮೇಲೆ ಬೀಳುತ್ತದೆ. ಕಾಗೆ, ಹದ್ದುಗಳಿಗೂ ಅಷ್ಟೇ ಸಮಯ ಸಾಕು. ದೋಣಿಯಲ್ಲಿದ್ದವರ ಕಣ್ಣಿಗೆ ಕಾಣುವುದು ತಲೆಯ ಮೇಲೆ ಚೀರುತ್ತ ಸುತ್ತುವ ಬಿಳಿ ರೆಕ್ಕೆಗಳ ಸುಂದರ ದೃಶ್ಯ. ಅವರು ಮೆಚ್ಚಿ ಫೋಟೊ ತೆಗೆಯುತ್ತಿರುವುದು ಗಾಬರಿಯನ್ನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡುಹಕ್ಕಿಗಳ ಮೊಟ್ಟೆ ಅಥವಾ ಗೂಡಿಗೆ ತೊಂದರೆ ಕೊಡುವುದನ್ನೂ ಬೇಟೆಯ ವ್ಯಾಖ್ಯೆಯೊಳಗೇ ಸೇರಿಸಿದೆ. ಕಾನೂನು ಬಹಳ ಹಿಂದೆಯೇ ಗುರುತಿಸಿದ ಈ ಅಪಾಯವನ್ನು ಪ್ರವಾಸೋದ್ಯಮ ಇನ್ನೂ ಗಂಭೀರವಾಗಿ ತೆಗೆದುಕೊಂಡಿಲ್ಲ.

ದಿನ ಬೆಳಗಾದರೆ ಮೀನುಗಾರರು ತೆಪ್ಪದಲ್ಲಿ ಇದೇ ನೀರಿನಲ್ಲಿ ಓಡಾಡುತ್ತಾರಲ್ಲ, ಅವರಿಗೆ ಹೆದರದ ಹಕ್ಕಿ ಕಯಾಕ್‌ಗೇಕೆ ಹೆದರೀತು ಎಂದು ಕೇಳುವವರಿದ್ದಾರೆ. ರಂಗನತಿಟ್ಟಿನಲ್ಲಿ ಅರಣ್ಯ ಇಲಾಖೆಯ ದೋಣಿಗಳು ಕೊಕ್ಕರೆಗಳ ಕೆಳಗೇ, ಬಂಡೆಯ ಮೇಲೆ ಮಲಗಿದ ಮೊಸಳೆಯ ಪಕ್ಕದಲ್ಲೇ ಹಾದುಹೋಗುವುದನ್ನೂ ಅವರು ತೋರಿಸುತ್ತಾರೆ. ತೂಕವಿರುವ ಪ್ರಶ್ನೆಯೇ. ಆದರೆ ರಂಗನತಿಟ್ಟಿನಲ್ಲಿ ಹುಟ್ಟು ಹಿಡಿದಿರುವವರು ಇಲಾಖೆಯ ಅನುಭವಿ ಅಂಬಿಗರು. ಅವೇ ದೋಣಿಗಳು, ಅದೇ ದಾರಿ, ಅದೇ ನಿಧಾನ. ಯಾರೂ ಇಳಿಯುವುದಿಲ್ಲ, ಯಾರೂ ದಾರಿ ತಪ್ಪಿಸಿ ಪೊದೆಯೊಳಗೆ ನುಗ್ಗುವುದಿಲ್ಲ. ಅಲ್ಲಿನ ಹಕ್ಕಿಗಳಲ್ಲಿ ಹೆಚ್ಚಿನವು ಮರದ ಮೇಲೆ ಗೂಡು ಕಟ್ಟುವಂಥವು, ನೆಲದ ಮೇಲಲ್ಲ. ತೆಪ್ಪದ ಮೀನುಗಾರನ ಗಮನವೂ ಬಲೆಯ ಮೇಲಿರುತ್ತದೆ. ಅವನು ಹಕ್ಕಿಯತ್ತ ಮುಖ ಮಾಡಿ ಅದರ ಕಡೆಗೇ ಸಾಗುವುದಿಲ್ಲ. ದಿನಾ ಒಂದೇ ರೀತಿ ನಡೆಯುವುದಕ್ಕೆ ಪ್ರಾಣಿಗಳು ಹೊಂದಿಕೊಳ್ಳುತ್ತವೆ. ವಾರಾಂತ್ಯಕ್ಕೊಮ್ಮೆ ಬಂದು ಹತ್ತು ದಿಕ್ಕಿಗೆ ಚದುರುವ ಹೊಸಬರ ಗುಂಪಿಗೆ ಅವು ಹೊಂದಿಕೊಳ್ಳುವುದು ಹೇಗೆ? ಹಾಗಾಗಿ ರಂಗನತಿಟ್ಟಿನ ಉದಾಹರಣೆ ನಿಯಮ ಬೇಡ ಎನ್ನುವವರಿಗಿಂತ ಬೇಕು ಎನ್ನುವವರಿಗೇ ಹೆಚ್ಚು ಬಲ ಕೊಡುತ್ತದೆ.

ಎಷ್ಟು ದೂರ ಎಂಬುದಕ್ಕೆ ಒಂದು ಆಧಾರವಿದೆ. ಅಮೆರಿಕದ ಫ್ಲೋರಿಡಾದಲ್ಲಿ ದೋಣಿ ಎಷ್ಟು ಹತ್ತಿರ ಬಂದಾಗ ಹಕ್ಕಿ ಹಾರುತ್ತದೆ ಎಂದು ಅಳೆದು 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಯಂತ್ರಚಾಲಿತ ದೋಣಿಗಳು ಕೊಕ್ಕರೆ, ಬಕಗಳಂಥ ಹಕ್ಕಿಗಳಿಂದ 180 ಮೀಟರ್, ಟರ್ನ್ ಮತ್ತು ಗಲ್‌ಗಳಿಂದ 140 ಮೀಟರ್ ದೂರವಿರಬೇಕೆಂದು ಸೂಚಿಸಿತು. ಅದು ಮೇಯುತ್ತಿರುವ, ವಿಶ್ರಮಿಸುತ್ತಿರುವ ಹಕ್ಕಿಗಳಿಗೆ ಹೇಳಿದ ಅಳತೆ; ಮೊಟ್ಟೆ ಕಾಯುವ ತಾಯಿಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಕಯಾಕ್ ನಿಧಾನದ್ದು, ಅದಕ್ಕೆ ಇಷ್ಟು ದೂರ ಅತಿಯಾಯಿತು ಎನ್ನಬಹುದು. ನಮ್ಮ ಅರಣ್ಯ ಇಲಾಖೆ ನಮ್ಮ ಹಕ್ಕಿಗಳ ಮೇಲೆಯೇ ಅಳತೆ ಮಾಡಿ ಅಂಕಿಯನ್ನು ಸಡಿಲಿಸಲಿ. ಅಲ್ಲಿಯವರೆಗೆ ಹೆಚ್ಚಿನ ದೂರವೇ ಇರಲಿ, ಏಕೆಂದರೆ ದೂರ ಹೆಚ್ಚಾದರೆ ನಷ್ಟವಾಗುವುದು ನಮ್ಮ ಫೋಟೊಗಳಿಗೆ ಮಾತ್ರ. ಅಷ್ಟು ದೂರದಿಂದ ನೋಡುವುದರಲ್ಲಿ ಏನು ಸುಖ ಎನ್ನುವವರು ಒಂದು ದುರ್ಬೀನು ಹಿಡಿದು ನೋಡಲಿ. ನಿಶ್ಚಿಂತೆಯಿಂದಿರುವ ಹಕ್ಕಿ ಮುಳುಗಿ ಮೀನು ಹಿಡಿಯುತ್ತದೆ, ಜೊತೆಗಾರನಿಗೆ ಉಣಿಸುತ್ತದೆ, ರೆಕ್ಕೆ ಒಣಗಿಸಿಕೊಳ್ಳುತ್ತದೆ. ಹೆದರಿದ ಹಕ್ಕಿ ನಮಗೆ ತೋರಿಸುವುದು ಬೆನ್ನನ್ನಷ್ಟೇ.

ಸಣ್ಣ ಕೆರೆಗಳ ವಿಷಯದಲ್ಲಿ ನನಗೆ ರಾಜಿಯಿಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆಯ ವಿಸ್ತಾರ ಸುಮಾರು 50 ಹೆಕ್ಟೇರ್. ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳ ಚಳಿಗಾಲದ ನೆಲೆ ಅದು, 2024ರಲ್ಲಿ ರಾಮ್ಸಾರ್ ತಾಣವೂ ಆಯಿತು. ಶರಾವತಿಯ ವಿಶಾಲ ಹಿನ್ನೀರಿನಲ್ಲಿ ಕಯಾಕ್ ಒಂದು ಕಡೆ ಬಂದರೆ ಹಕ್ಕಿ ಇನ್ನೊಂದು ಕಡೆ ಸರಿಯಬಹುದು. ಇಂಥ ಕೆರೆಯಲ್ಲಿ ಅದು ಸರಿಯುವುದಾದರೂ ಎಲ್ಲಿಗೆ? ಮರುಪಯಣಕ್ಕೆ ಕೊಬ್ಬು ಕೂಡಿಸಿಕೊಳ್ಳಬೇಕಾದ ದಿನಗಳಲ್ಲಿ ಮತ್ತೆ ಮತ್ತೆ ಎಬ್ಬಿಸಿದರೆ, ತಿಂದದ್ದು ಹಾರಾಟದಲ್ಲೇ ಕರಗುತ್ತದೆ. ಹೀಗೆ ವಲಸೆ ಹಕ್ಕಿಗಳು ಇಳಿಯುವ ಸಣ್ಣ ಕೆರೆಗಳಲ್ಲಿ ಚಳಿಗಾಲ ಮುಗಿಯುವವರೆಗೆ ಯಾವ ದೋಣಿಯೂ ಬೇಡ.

ನಿಯಮ ಬಿಗಿಯಾದರೆ ಸ್ಥಳೀಯರ ದುಡಿಮೆಗೆ ಹೊಡೆತ ಎಂಬ ಆತಂಕವನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಮೊಟ್ಟೆ ಮರಿಗಳ ಕಾಲದಲ್ಲಿ ಮುಚ್ಚಬೇಕಾದದ್ದು ಕೆಲವು ನಡುಗಡ್ಡೆಗಳ ಸುತ್ತಲಿನ ನೀರನ್ನು ಮಾತ್ರ, ಇಡೀ ಜಲಾಶಯವನ್ನಲ್ಲ. ಉಳಿದ ನೀರಿನಲ್ಲಿ ಗುರುತು ಹಾಕಿದ ದಾರಿಗಳಿರಲಿ, ಪ್ರತಿ ಗುಂಪಿನ ಜೊತೆ ಊರಿನ ಒಬ್ಬ ಮಾರ್ಗದರ್ಶಿ ಕಡ್ಡಾಯವಾಗಿರಲಿ. ಯಾವ ತಿಟ್ಟು ಯಾವಾಗ ಮೇಲೇಳುತ್ತದೆ, ಹಕ್ಕಿ ಎಲ್ಲಿ ಕೂತಿದೆ ಎಂಬುದು ಆ ನೀರಿನಲ್ಲೇ ಬಲೆ ಬೀಸುವವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಆ ತಿಳಿವಳಿಕೆಗೆ ಕೂಲಿ ಕೊಡುವ ವ್ಯವಸ್ಥೆಯನ್ನು ಅರಣ್ಯ ಮತ್ತು ಪ್ರವಾಸೋದ್ಯಮ ಇಲಾಖೆಗಳು ಸೇರಿ ಮಾಡಿದರೆ, ಕಯಾಕ್ ಬಾಡಿಗೆಯ ಒಂದು ಪಾಲು ದಡದ ಹಳ್ಳಿಗಳಿಗೇ ಸೇರುತ್ತದೆ. ಮುಂದಿನ ಬೇಸಿಗೆಯಲ್ಲಿ ಭದ್ರೆಯ ನೀರು ಇಳಿಯುವ ಮೊದಲೇ ಟರ್ನ್‌ಗಳ ನಡುಗಡ್ಡೆಗಳ ಸುತ್ತ ತೇಲುವ ಗುರುತುಗಳನ್ನು ಕಟ್ಟಿಸಿ, ಅಲ್ಲಿಂದಲೇ ಈ ಕೆಲಸ ಶುರುಮಾಡಬಹುದು.